ಮುಖದ ನಡುವೆ ಒಂದು ಹಸಿರು ಪಟ್ಟೆ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಭಾವಚಿತ್ರ ಬರೆದು ತಂದಳು. ಹಣೆ ಹಸಿರು, ಒಂದು ಕೆನ್ನೆ ನೇರಳೆ, ಗದ್ದ ಕಿತ್ತಳೆ. “ಮನುಷ್ಯರ ಮುಖ ಹೀಗಿರುತ್ತದೇನಮ್ಮ?” ಎಂದು ಕೇಳಿ ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಮರುದಿನ ಅವಳು ಅಣ್ಣನ ಮೊಬೈಲಿನಲ್ಲಿ ಮ್ಯಾಟಿಸ್ ಎಂಬ ಕಲಾವಿದನ ಚಿತ್ರ ತೋರಿಸಿದಳು. ಅದರಲ್ಲಿ ಒಬ್ಬ ಹೆಂಗಸಿನ ಹಣೆಯಿಂದ ಮೂಗಿನ ತುದಿಯವರೆಗೆ ಹಸಿರು ಪಟ್ಟೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಹಸಿರಿಗೆ ಏನರ್ಥ? ಹಸಿರೆಂದರೆ ಹೊಟ್ಟೆಕಿಚ್ಚು, ಕೆಂಪೆಂದರೆ ಸಿಟ್ಟು ಎಂದು ಎಲ್ಲೋ ಓದಿದ್ದೆ. ಕಥಕ್ಕಳಿಯಲ್ಲಿ ಹಸಿರು ಮುಖ ಸಾತ್ವಿಕ ನಾಯಕನಿಗೆ ಎನ್ನುತ್ತಾರೆ. ಇಲ್ಲೂ ಅಂಥದೊಂದು ಲೆಕ್ಕವಿದೆಯೇ, ಇಲ್ಲಾ ತೋಚಿದ ಬಣ್ಣ ಬಳಿಯುವುದೇ ಆಧುನಿಕ ಕಲೆಯೇ? ನಾನು ಕೊಟ್ಟ ಅಂಕ ತಪ್ಪಾಯಿತೇ?

ಉತ್ತರ: ಅಂಕದ ಮಾತು ಕೊನೆಗಿರಲಿ. ನಿಮ್ಮ ವಿದ್ಯಾರ್ಥಿನಿ ತೋರಿಸಿದ್ದು ಫ್ರಾನ್ಸಿನ ಹೆನ್ರಿ ಮ್ಯಾಟಿಸ್ 1905ರಲ್ಲಿ ಬರೆದ ತನ್ನ ಹೆಂಡತಿ ಅಮೇಲಿಯ ಭಾವಚಿತ್ರ. ‘ಹಸಿರು ಪಟ್ಟೆ’ ಎಂದೇ ಅದಕ್ಕೆ ಹೆಸರು ನಿಂತುಬಿಟ್ಟಿದೆ. ಈಗ ಅದು ಕೋಪನ್‌ಹೇಗನ್ನಿನಲ್ಲಿ, ಡೆನ್ಮಾರ್ಕಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಪುಸ್ತಕಗಳಲ್ಲಿ ಪುಟದ ತುಂಬ ಅಚ್ಚಾದದ್ದನ್ನೇ ನೋಡುತ್ತ ಬಂದಿದ್ದ ನಾನು ಅದು ಗೋಡೆ ತುಂಬುವಷ್ಟು ದೊಡ್ಡದಿರಬೇಕು ಎಂದುಕೊಂಡಿದ್ದೆ. ಎದುರು ಹೋಗಿ ನಿಂತರೆ 40.5 ಸೆಂ.ಮೀ. ಎತ್ತರ, 32.5 ಸೆಂ.ಮೀ. ಅಗಲದ ಪುಟ್ಟ ಕ್ಯಾನ್ವಾಸು, ನಿಮ್ಮ ಮಕ್ಕಳ ಡ್ರಾಯಿಂಗ್ ಹಾಳೆಯಷ್ಟೇ. ಅಷ್ಟು ಚಿಕ್ಕ ಮುಖ ಆ ದೊಡ್ಡ ಕೋಣೆಯ ಇನ್ನೊಂದು ತುದಿಯಿಂದಲೇ ನನ್ನನ್ನು ಕರೆದಿತ್ತು. ಅದು ಹೇಗೆ ಸಾಧ್ಯವಾಯಿತು ಎಂಬುದು ಗೊತ್ತಾದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಸಿಕ್ಕಂತೆ.

ಆ ಮುಖ ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಈತನಿಗೆ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ ಎನ್ನುತ್ತಾರೆ. ಇಲ್ಲವೇ ಹಸಿರಿನಲ್ಲಿ ಏನೋ ಗುಟ್ಟಿದೆ ಎನ್ನುತ್ತಾರೆ. ಮೊದಲನೆಯದನ್ನು ಬೇಗ ಮುಗಿಸೋಣ. ಮ್ಯಾಟಿಸ್ ಹುಟ್ಟಿದ್ದು 1869ರ ಡಿಸೆಂಬರ್ 31ರಂದು. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಅಮ್ಮ ತಂದುಕೊಟ್ಟ ಬಣ್ಣದ ಪೆಟ್ಟಿಗೆಯಿಂದ ಚಿತ್ರ ಶುರುಮಾಡಿದ. ಪ್ಯಾರಿಸ್ಸಿಗೆ ಹೋಗಿ ಗುಸ್ತಾವ್ ಮೊರೋ ಎಂಬ ಗುರುವಿನ ಕೈಕೆಳಗೆ ಕಲಿತ. ವರ್ಷಗಟ್ಟಲೆ ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ಹಳೆಯ ಚಿತ್ರಗಳ ನಕಲು ಮಾಡಿದ. ಕಂದು, ಬೂದು, ನೆರಳು-ಬೆಳಕು ಎಲ್ಲವೂ ಅವನ ಕೈಗೆ ಬಂದಿದ್ದವು. ಹಸಿರು ಪಟ್ಟೆ ಎಳೆಯುವಾಗ ಅವನಿಗೆ 35 ವರ್ಷ, ಮೂರು ಮಕ್ಕಳ ತಂದೆ. ಹುಡುಗಾಟದ ವಯಸ್ಸು ಅದಲ್ಲ.

ಗುಟ್ಟಿನ ಅರ್ಥದ ವಿಷಯಕ್ಕೆ ಬರೋಣ. ಹಸಿರಿನ ಅರ್ಥ ಕೇಳುವ ಮೊದಲು ಅದರ ಕೆಲಸ ಏನೆಂದು ಕೇಳಿ ನೋಡಿ.

ಚಿತ್ರವನ್ನು ಮತ್ತೆ ತೆರೆದಿಟ್ಟುಕೊಳ್ಳಿ. ಪಟ್ಟೆ ಕೂದಲಿನ ಅಂಚಿನಿಂದ ಇಳಿದು, ಹಣೆಯ ನಡುವೆ ಸಾಗಿ, ಮೂಗಿನ ಏಣಿನ ಮೇಲೆ ಬರುತ್ತದೆ. ಅದರ ಆಚೆಗೊಂದು ಕೆನ್ನೆ, ಈಚೆಗೊಂದು ಕೆನ್ನೆ. ನಮ್ಮ ಎಡಗಡೆಯ ಕೆನ್ನೆ ಹಳದಿಯ ಕಡೆಗಿದೆ, ಬಲಗಡೆಯದು ಗುಲಾಬಿಯ ಕಡೆಗೆ. ಈಗ ಹಿಂದಿನ ಗೋಡೆ ನೋಡಿ. ಹಳದಿ ಕೆನ್ನೆಯ ಹಿಂದೆ ನೇರಳೆ ಛಾಯೆ, ಅದರ ಕೆಳಗೆ ಉರಿಯುವ ಕಿತ್ತಳೆಗೆಂಪು. ಗುಲಾಬಿ ಕೆನ್ನೆಯ ಹಿಂದೆ ಹಸಿರು. ವರ್ಣಚಕ್ರವನ್ನು ನೀವು ದಿನಾ ಪಾಠ ಮಾಡುವವರು. ಹಳದಿಯ ಎದುರು ನೇರಳೆ ಬರುತ್ತದೆ, ಕೆಂಪಿನ ಎದುರು ಹಸಿರು ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಒಂದೊಂದು ಕೆನ್ನೆಯ ಹಿಂದೆಯೂ ಅದರ ಎದುರಾಳಿ ನಿಂತಿದ್ದಾನೆ. ಹಾಗಾಗಿ ಹಳದಿ ಇನ್ನಷ್ಟು ಹಳದಿಯಾಗುತ್ತದೆ, ಗುಲಾಬಿ ಇನ್ನಷ್ಟು ಗುಲಾಬಿಯಾಗುತ್ತದೆ. ಬಣ್ಣ ತಾನು ಇರುವುದಕ್ಕಿಂತ ಜೋರಾಗಿ ಕೇಳಿಸುವಂತೆ ಮಾಡಿದ್ದಾನೆ. ಕೋಣೆಯ ಆ ತುದಿಯಿಂದ ಆ ಮುಖ ನನ್ನನ್ನು ಕರೆದದ್ದು ಹೀಗೆ.

ಹಾಗಾದರೆ ನಡುವಿನ ಹಸಿರು? ತೋರುಬೆರಳನ್ನು ಪಟ್ಟೆಯ ಮೇಲೆ ಉದ್ದಕ್ಕೆ ಇಟ್ಟು ಅದನ್ನು ಮುಚ್ಚಿ. ಎರಡು ಕೆನ್ನೆಗಳು ಎರಡು ಬೇರೆ ಕಾಗದದ ತುಂಡುಗಳಂತೆ ಬಿಟ್ಟುಕೊಂಡುಬಿಡುತ್ತವೆ. ಬೆರಳು ತೆಗೆಯಿರಿ. ಮೂಗು ಎದ್ದು ನಿಲ್ಲುತ್ತದೆ, ಹಣೆ ದುಂಡಗಾಗುತ್ತದೆ, ಮುಖದ ಒಂದು ಪಕ್ಕ ಬೆಳಕಿಗೂ ಇನ್ನೊಂದು ಪಕ್ಕ ನೆರಳಿಗೂ ಹೊರಳುತ್ತದೆ. ಪೆನ್ಸಿಲ್ ಶೇಡಿಂಗ್ ಕಲಿಸುವಾಗ ಬೆಳಕು ಮುಗಿದು ನೆರಳು ಶುರುವಾಗುವ ಅಂಚನ್ನು ಮಕ್ಕಳಿಗೆ ತೋರಿಸುತ್ತೀರಲ್ಲ, ಆ ಪಟ್ಟೆ ಅದೇ ಅಂಚು. ಬೇರೆಯವರು ಅಲ್ಲಿ ಕಂದು ಬಣ್ಣ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರು. ಮ್ಯಾಟಿಸ್ ಒಂದು ಬಣ್ಣವನ್ನು ನೇರ ಇಟ್ಟು ಕೈ ತೆಗೆದ.

ಇನ್ನೊಂದು ಪರೀಕ್ಷೆ. ಮೊಬೈಲಿನಲ್ಲಿ ಆ ಚಿತ್ರವನ್ನು ಕಪ್ಪು-ಬಿಳುಪಿಗೆ ಬದಲಿಸಿ. ಕಣ್ಣು, ಹುಬ್ಬು, ನೀಲಿಗಪ್ಪು ಕೂದಲು ಗಟ್ಟಿಯಾಗಿಯೇ ಉಳಿಯುತ್ತವೆ. ಆದರೆ ಎರಡು ಕೆನ್ನೆಗಳ ನಡುವಿನ ವ್ಯತ್ಯಾಸ ಬಹಳ ಕಡಿಮೆಯಾಗಿಬಿಡುತ್ತದೆ. ಎಂದರೆ, ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎಂದು ಹೇಳುವ ಹೊಣೆಯನ್ನು ಅವನು ತಿಳಿ-ಗಾಢಗಳಿಗೆ ಕೊಟ್ಟಿರಲಿಲ್ಲ, ಬೆಂಕಿ, ಬಿಸಿಲನ್ನು ನೆನಪಿಸುವ ಬಿಸಿ ಬಣ್ಣ, ನೀರು, ನೆರಳನ್ನು ನೆನಪಿಸುವ ತಂಪು ಬಣ್ಣಗಳಿಗೆ ಕೊಟ್ಟಿದ್ದ. ಈ ಒಂದು ಕಾರಣಕ್ಕೆ ಇಷ್ಟು ಚಿಕ್ಕ ಚಿತ್ರವನ್ನು ನಾನು ದೊಡ್ಡ ಚಿತ್ರ ಎನ್ನುತ್ತೇನೆ.

ಈ ದಾರಿ ಅವನಿಗೆ ದಿಢೀರನೆ ಹೊಳೆದದ್ದಲ್ಲ. 1899ರಲ್ಲಿ, ಮನೆಯಲ್ಲಿ ಕಾಸಿಗೆ ಕಷ್ಟವಿದ್ದ ಹೊತ್ತಿನಲ್ಲಿ, ಸೆಜಾನ್ ಬರೆದ ‘ಮೂವರು ಸ್ನಾನದ ಹೆಂಗಸರು’ ಎಂಬ ಸಣ್ಣ ಚಿತ್ರವನ್ನು ಅವನು ಕೊಂಡ. ಅದಕ್ಕಾಗಿ ಅಮೇಲಿ ತನ್ನ ಉಂಗುರವನ್ನು ಒತ್ತೆ ಇಟ್ಟಳು. ಸೆಜಾನ್ ಮೈಯ ದುಂಡನ್ನು ಕಂದು ನೆರಳಿನಿಂದ ತೋರಿಸುತ್ತಿರಲಿಲ್ಲ; ಒಂದು ಬಿಸಿ ಬಣ್ಣದ ಪಕ್ಕ ಒಂದು ತಂಪು ಬಣ್ಣ ಇಟ್ಟು, ಅವೆರಡರ ತಿರುವಿನಲ್ಲಿ ಆಕಾರ ಹುಟ್ಟಿಸುತ್ತಿದ್ದ. ಕೆಂಪು ಕುರ್ಚಿಯಲ್ಲಿ ಕುಳಿತ ತನ್ನ ಹೆಂಡತಿಯನ್ನು ಸೆಜಾನ್ 1877ರ ಸುಮಾರಿಗೆ ಬರೆದ ಚಿತ್ರ ಬೋಸ್ಟನ್ನಿನಲ್ಲಿದೆ. ಅದರಲ್ಲಿ ಆಕೆಯ ಮುಖದ ಮೇಲೆ ಹಸಿರೂ ನೀಲಿಯೂ ಮೆಲ್ಲಗೆ ಓಡಾಡಿವೆ. ಮ್ಯಾಟಿಸ್ ತಾನು ಕೊಂಡ ಚಿತ್ರವನ್ನು 37 ವರ್ಷ ಹತ್ತಿರ ಇಟ್ಟುಕೊಂಡು 1936ರಲ್ಲಿ ಪ್ಯಾರಿಸ್ಸಿನ ಪೆತಿ ಪಾಲೆ ಸಂಗ್ರಹಾಲಯಕ್ಕೆ ದಾನ ಕೊಟ್ಟ. ಉಂಗುರ ಮಾತ್ರ ಅಮೇಲಿಗೆ ಮರಳಲಿಲ್ಲ. ಹಸಿರು ಪಟ್ಟೆಯ ಮುಖ ಆ ಉಂಗುರ ಕೊಟ್ಟವಳ ಮುಖ ಎನ್ನುವುದು ನನಗೆ ಪ್ರತಿ ಸಲ ನೆನಪಾಗುತ್ತದೆ.

ನಿಮ್ಮ ಜಿಲ್ಲೆಯ ಹೆಸರು ನೋಡಿ ಒಂದು ವಿಷಯ ಹೇಳಲೇಬೇಕು ಎನ್ನಿಸಿತು. ಈ ಇಡೀ ಬಣ್ಣದ ವಿದ್ಯೆಯ ಒಂದು ಬೇರು ನೇಕಾರಿಕೆಯಲ್ಲಿದೆ. ಪ್ಯಾರಿಸ್ಸಿನ ಗೋಬ್ಲಾಂ ಎಂಬ ರಾಜಮನೆತನದ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮಿಶೆಲ್ ಯುಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥನಾಗಿ ಬಂದ. ನೇಕಾರರದ್ದು ಒಂದು ದೂರಿತ್ತು: ಕಪ್ಪು ನೂಲು ಕಪ್ಪಗೆ ಕಾಣುತ್ತಿಲ್ಲ, ಬಣ್ಣ ಸರಿಯಾಗಿ ಹಿಡಿದಿಲ್ಲ. ಶೆವ್ರಲ್ ನೂಲನ್ನು ಪರೀಕ್ಷಿಸಿದ, ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಪಕ್ಕ ಗಾಢ ನೀಲಿ, ನೇರಳೆ ನೂಲು ಕೂತಾಗ ಕಪ್ಪು ಸೊರಗುತ್ತಿತ್ತು, ಅಷ್ಟೇ. ಅಂದರೆ ಒಂದು ಬಣ್ಣ ಹೇಗೆ ಕಾಣಬೇಕು ಎಂಬುದನ್ನು ಅದರ ನೆರೆಮನೆಯ ಬಣ್ಣ ತೀರ್ಮಾನಿಸುತ್ತದೆ. ಇದನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿ ಬರೆದ, ಚಿತ್ರಕಾರರು ಆಸೆಯಿಂದ ಓದಿದರು.

ಗುಳೇದಗುಡ್ಡದ ಖಣ ಅಥವಾ ಇಳಕಲ್ಲಿನ ಸೀರೆ ಆರಿಸುವ ನಿಮ್ಮ ಊರಿನ ಹೆಂಗಸರಿಗೆ ಇದು ಶೆವ್ರಲ್ ಹೇಳಿ ತಿಳಿಯಬೇಕಾದ ವಿಷಯವಲ್ಲ. ಅಂಚು ಕೆಂಪಾದರೆ ಮೈಬಣ್ಣ ಒಂದು ಥರ, ಅಂಚು ಹಸಿರಾದರೆ ಅದೇ ಮೈಬಣ್ಣ ಇನ್ನೊಂದು ಥರ ಕಾಣುತ್ತದೆ ಎಂದು ಅಂಗಡಿಯಲ್ಲಿ ಸೀರೆ ಹರವಿಸಿ ನೋಡುವಾಗಲೇ ಅವರಿಗೆ ಗೊತ್ತು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇಟ್ಟು ನೇಯ್ದ ಬಟ್ಟೆ ಮಡಿಕೆ ಮಡಿಕೆಗೆ ಬೇರೆ ಹೊಳಪು ಕೊಡುತ್ತದೆ. ಮ್ಯಾಟಿಸ್ ಬೆಳೆದದ್ದೂ ಅಂಥ ಊರಲ್ಲೇ. ಉತ್ತರ ಫ್ರಾನ್ಸಿನ ಬೊಹೈನ್ ಬಟ್ಟೆ ನೇಯುವವರ ಪಟ್ಟಣ, ಅಲ್ಲಿಯ ರೇಷ್ಮೆ ಪ್ಯಾರಿಸ್ಸಿನ ದೊಡ್ಡ ದರ್ಜಿಗಳಿಗೆ ಹೋಗುತ್ತಿತ್ತು. ಬದುಕಿನುದ್ದಕ್ಕೂ ಅವನು ಬಟ್ಟೆಯ ತುಂಡುಗಳನ್ನು ಕೂಡಿಡುತ್ತಿದ್ದ. ವ್ಯಾನ್ ಗೋ ಕೂಡ ಹಾಗೆಯೇ. 1884ರಲ್ಲಿ ಹಾಲೆಂಡಿನ ನ್ಯೂನೆನ್ ಊರಿನ ನೇಕಾರರನ್ನು ಮಗ್ಗದ ಮುಂದೆ ಮತ್ತೆ ಮತ್ತೆ ಬರೆದ ಆತ, ಒಂದು ಅರಗಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಉಣ್ಣೆ ನೂಲಿನ ಉಂಡೆಗಳನ್ನು ಇಟ್ಟುಕೊಂಡಿದ್ದ. ಎರಡು ಮೂರು ಎಳೆ ಒಟ್ಟಿಗೆ ಸುತ್ತಿ, ಯಾವ ಬಣ್ಣ ಯಾವುದರ ಪಕ್ಕ ಏನಾಗುತ್ತದೆಂದು ನೋಡಿಕೊಳ್ಳುತ್ತಿದ್ದ. ಆ ಪೆಟ್ಟಿಗೆ ಈಗಲೂ ಆಮ್‌ಸ್ಟರ್‌ಡ್ಯಾಮಿನಲ್ಲಿ ಅವನ ಹೆಸರಿನ ಸಂಗ್ರಹಾಲಯದಲ್ಲಿದೆ. ನಿಮ್ಮ ಮಕ್ಕಳಿಗೆ ಈ ಪೆಟ್ಟಿಗೆಯ ಕಥೆ ಹೇಳಿ. ಮಗ್ಗದ ಸದ್ದು ಕೇಳಿ ಬೆಳೆದ ಮಕ್ಕಳು ಕೆಲವರಾದರೂ ನಿಮ್ಮ ತರಗತಿಯಲ್ಲಿ ಇರಬೇಕು.

ಮುಖಕ್ಕೆ ಭಾವದ ಬಣ್ಣ ಹಚ್ಚಬಹುದು ಎಂಬ ಧೈರ್ಯವನ್ನು ಮ್ಯಾಟಿಸನ ಪೀಳಿಗೆಗೆ ಕೊಟ್ಟವನು ಇದೇ ವ್ಯಾನ್ ಗೋ. 1888ರ ಆಗಸ್ಟಿನಲ್ಲಿ ಆರ್ಲ್ಸ್ ಎಂಬ ಊರಿಂದ ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಅವನು ಕಲಾವಿದ ಗೆಳೆಯನೊಬ್ಬನ ಭಾವಚಿತ್ರ ಹೇಗೆ ಬರೆಯಬೇಕೆಂದಿದ್ದೇನೆ ಎಂದು ವಿವರಿಸುತ್ತಾನೆ. ಮೊದಲು ಆದಷ್ಟು ಇದ್ದಹಾಗೆ ಬರೆಯುತ್ತೇನೆ, ಆದರೆ ಅಲ್ಲಿಗೆ ಚಿತ್ರ ಮುಗಿಯುವುದಿಲ್ಲ. ಆಮೇಲೆ ಕೂದಲಿನ ಹೊಂಬಣ್ಣವನ್ನು ಹೆಚ್ಚಿಸುತ್ತೇನೆ, ಕಿತ್ತಳೆಗೆ, ನಿಂಬೆಹಳದಿಗೆ ಹೋಗುತ್ತೇನೆ. ತಲೆಯ ಹಿಂದೆ ಆ ಬಡ ಕೋಣೆಯ ಗೋಡೆಯ ಬದಲು ಅನಂತವನ್ನು ಬರೆಯುತ್ತೇನೆ, ನನ್ನ ಕೈಲಾದಷ್ಟು ಗಾಢವಾದ ನೀಲಿ ಹಚ್ಚುತ್ತೇನೆ ಎನ್ನುತ್ತಾನೆ. ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನ ಯುಜೀನ್ ಬೋಕ್ ಎದುರು ಕುಳಿತಾಗ ಹಾಗೆಯೇ ಬರೆದ. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಹಳದಿ ಕೋಟಿನ ತೆಳ್ಳಗಿನ ಮನುಷ್ಯ ನಕ್ಷತ್ರಗಳಿರುವ ನೀಲಿಯ ಮುಂದೆ ನಿಂತಿದ್ದಾನೆ. ಗಮನಿಸಿ, ಗೆಳೆಯನ ಮೇಲಿನ ಪ್ರೀತಿಯನ್ನು ತೋರಿಸಲು ಅವನು ಕೂದಲಿನ ಬಣ್ಣದ ಜೊತೆಗೆ ಗೆಳೆಯನ ಹಿಂದಿನ ಗೋಡೆಯನ್ನೂ ಬದಲಿಸಲು ಹೊರಟ.

ಈಗ 1905ಕ್ಕೆ ಬರೋಣ. ಆ ಬೇಸಿಗೆ ಮ್ಯಾಟಿಸ್ ಸ್ಪೇನಿನ ಗಡಿಗೆ ಹತ್ತಿರದ ಕೊಲ್ಯೂರ್ ಎಂಬ ಮೀನುಗಾರರ ಊರಿನಲ್ಲಿದ್ದ. ಜೊತೆಗೆ 25ರ ಹರೆಯದ ಆಂದ್ರೆ ಡೆರೇನ್. ಇಬ್ಬರೂ ಒಬ್ಬರನ್ನೊಬ್ಬರು ಬರೆದುಕೊಂಡರು. ಎರಡು ಭಾವಚಿತ್ರಗಳೂ ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿವೆ, ಎರಡರಲ್ಲೂ ಮುಖದ ನೆರಳಿಗೆ ಹಸಿರು, ನೀಲಿ ಬಂದಿವೆ. ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಗ್ರಾಂ ಪಾಲೆಯಲ್ಲಿ ಶರತ್ಕಾಲದ ಕಲಾ ಪ್ರದರ್ಶನ ತೆರೆಯಿತು. ಏಳನೇ ಕೋಣೆಯಲ್ಲಿ ಈ ಗೆಳೆಯರ ಚಿತ್ರಗಳು, ನಡುವೆ ಇಟಲಿಯ ಹಳೆಯ ಶೈಲಿಯ ಒಂದು ಶಿಲ್ಪ. ಅದನ್ನು ನೋಡಿದ ವಿಮರ್ಶಕ ಲೂಯಿ ವೋಸೆಲ್, ‘ಕಾಡುಮೃಗಗಳ ನಡುವೆ ದೊನಾತೆಲ್ಲೋ’ ಎಂದು ಪತ್ರಿಕೆಯಲ್ಲಿ ಬರೆದ. ದೊನಾತೆಲ್ಲೋ ಎಂದರೆ ಇಟಲಿಯ ಹಳೆಯ ಕಾಲದ ದೊಡ್ಡ ಶಿಲ್ಪಿ. ಕಾಡುಮೃಗಗಳು, ಫೋವ್‌ಗಳು, ಎಂಬ ಹೆಸರು ಅವರಿಗೆ ಅಲ್ಲಿಂದ ಅಂಟಿತು.

ಆ ಕೋಣೆಯಲ್ಲಿ ಜನ ಹೆಚ್ಚು ಮುಗಿಬಿದ್ದು ನಕ್ಕದ್ದು ‘ಟೋಪಿ ತೊಟ್ಟ ಹೆಂಗಸು’ ಎಂಬ ಚಿತ್ರದ ಎದುರು. ಅದೂ ಅಮೇಲಿಯದೇ. ದೊಡ್ಡ ಟೋಪಿ, ಕೈಗವಸು, ಬೀಸಣಿಗೆ. ಮುಖದ ಮೇಲೆ ಹಸಿರು, ಹಳದಿ, ಗುಲಾಬಿ. ಹಿನ್ನೆಲೆಯಲ್ಲಿ ಏನೆಂದು ಹೇಳಲಾಗದ ಬಣ್ಣದ ತೇಪೆಗಳು. ಆಕೆ ಕುಳಿತಾಗ ಯಾವ ಬಣ್ಣದ ಉಡುಪು ಹಾಕಿದ್ದರು ಎಂದು ಯಾರೋ ಕೇಳಿದ್ದಕ್ಕೆ ಮ್ಯಾಟಿಸ್ “ಕಪ್ಪು, ಮತ್ತೇನು” ಎಂದನಂತೆ. ಕೊನೆಗೆ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಮೆರಿಕದ ಸ್ಟೈನ್ ಮನೆತನದವರು 500 ಫ್ರಾಂಕ್ ಕೊಟ್ಟು ಅದನ್ನು ಕೊಂಡರು. ಕೊಂಡವರಲ್ಲಿ ಒಬ್ಬನಾದ ಲಿಯೋ ಸ್ಟೈನ್ ಕೂಡ ಮೊದಲ ನೋಟಕ್ಕೆ ಅದನ್ನು ತಾನು ಕಂಡ ಅತಿ ಕೆಟ್ಟ ಬಣ್ಣದ ಬಳಿತ ಎಂದುಕೊಂಡಿದ್ದ. ಈಗ ಅದು ಸ್ಯಾನ್ ಫ್ರಾನ್ಸಿಸ್ಕೋದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ನೀವು ನಿಮ್ಮ ತರಗತಿಯಲ್ಲಿ ಗಾಬರಿಗೊಂಡದ್ದಕ್ಕೆ ನಾಚಿಕೊಳ್ಳಬೇಕಿಲ್ಲ, ಮೇಡಂ.

ಟೋಪಿಯ ಚಿತ್ರಕ್ಕಿಂತ ಹಸಿರು ಪಟ್ಟೆಯೇ ನನಗೆ ಹೆಚ್ಚು. ಟೋಪಿಯ ಚಿತ್ರದಲ್ಲಿ ಬಣ್ಣ ಇನ್ನೂ ಚೆಲ್ಲಾಡುತ್ತಿದೆ, ಕುಂಚ ದಾರಿ ಹುಡುಕುತ್ತಿದೆ. ಅದೇ ವರ್ಷ ಬಂದ ಪುಟ್ಟ ಚಿತ್ರದಲ್ಲಿ ಎಲ್ಲವೂ ಬಿಗಿಯಾಗಿದೆ. ಬಣ್ಣಗಳ ಸಂಖ್ಯೆಯೂ ಕಡಿಮೆ. ಒಂದೊಂದು ಬಣ್ಣಕ್ಕೂ ಇನ್ನೊಂದು ಕಡೆಯಿಂದ ಉತ್ತರ ಬಂದಿದೆ.

ಈ ಹಸಿರಿಗೆ ಇನ್ನೊಂದು ಹಳೆಯ ಇತಿಹಾಸವೂ ಇದೆ, ಅದನ್ನು ಹೆಚ್ಚು ಜನ ಹೇಳುವುದಿಲ್ಲ. ಮುಖಕ್ಕೆ ಹಸಿರು ಹಚ್ಚಿದವರಲ್ಲಿ ಮ್ಯಾಟಿಸ್ ಮೊದಲಿಗನೇನಲ್ಲ. 1400ರ ಸುಮಾರಿಗೆ ಇಟಲಿಯ ಚೆನ್ನೀನೋ ಚೆನ್ನೀನಿ ಎಂಬ ಕಲಾವಿದ ಬರೆದಿಟ್ಟ ಕೈಪಿಡಿಯಲ್ಲಿ, ಮುಖ ಬರೆಯುವ ಮೊದಲು ಹಸಿರು ಮಣ್ಣಿನ ಬಣ್ಣವನ್ನು ಅಡಿಗೆ ಬಳಿಯಬೇಕು, ಅದರ ಮೇಲೆ ಗುಲಾಬಿ ಛಾಯೆಗಳನ್ನು ತೆಳ್ಳಗೆ ಏರಿಸಬೇಕು ಎಂದು ಹೇಳಿದೆ. ಅಡಿಯ ಹಸಿರು ಮೇಲಿನ ಗುಲಾಬಿಗೆ ಜೀವ ಕೊಡುತ್ತದೆ, ನೆರಳಿನ ಜಾಗದಲ್ಲಿ ತುಸು ಇಣುಕುತ್ತದೆ. ಸಿಯೆನಾ ನಗರದ ಹಳೆಯ ಹಲಗೆಯ ಚಿತ್ರಗಳಲ್ಲಿ ಶತಮಾನಗಳು ಕಳೆದಂತೆ ಮೇಲಿನ ಪದರ ಸವೆದು, ಮೇರಿ ಮಾತೆಯ ಮುಖವೇ ಹಸಿರಾಗಿ ಕಾಣುವುದುಂಟು. ಐನೂರು ವರ್ಷ ಚರ್ಮದ ಅಡಿಯಲ್ಲಿ ಸದ್ದಿಲ್ಲದೆ ದುಡಿದ ಹಸಿರು, 1905ರಲ್ಲಿ ಅಮೇಲಿಯ ಮೂಗಿನ ಮೇಲೆ ಬಂದು ನಿಂತಿತು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಮ್ಯಾಟಿಸ್ ಇದನ್ನು ಅಲ್ಲಿಂದಲೇ ತೆಗೆದುಕೊಂಡ ಎಂದು ನನ್ನ ವಾದವಲ್ಲ. ಗುಲಾಬಿಗೆ ಹಸಿರಿನ ಆಸರೆ ಬೇಕು ಎಂಬ ತಿಳಿವು ಕುಂಚ ಹಿಡಿದವರಿಗೆ ಬಹಳ ಹಿಂದಿನಿಂದಲೂ ಇತ್ತು ಎಂಬುದಷ್ಟೇ.

ಇಷ್ಟಾದ ಮೇಲೂ ನಿಮ್ಮ ಮೊದಲ ಪ್ರಶ್ನೆ ಉಳಿದಿದೆ, ನನಗೆ ಗೊತ್ತು. ಬಣ್ಣದ ಕೆಲಸ ಸರಿ, ಭಾವ ಎಲ್ಲಿ?

ಹಸಿರೆಂದರೆ ಹೊಟ್ಟೆಕಿಚ್ಚು ಎನ್ನುವುದು ಇಂಗ್ಲಿಷಿನವರ ನುಡಿಗಟ್ಟು. ನಮ್ಮಲ್ಲಿ ಹಸಿರು ಸೀರೆ, ಹಸಿರು ಬಳೆ ಎಂದರೆ ಸೀಮಂತ, ಮದುವೆ, ಮುತ್ತೈದೆತನ. ಕಥಕ್ಕಳಿಯ ಪಚ್ಚೆ ವೇಷ ಇನ್ನೊಂದು ಲೋಕದ್ದು. ಅಲ್ಲಿ ಕಲಾವಿದನೂ ನೋಡುಗನೂ ಮೊದಲೇ ಒಪ್ಪಿಕೊಂಡ ಭಾಷೆಯಿದೆ. ಪರದೆ ಸರಿದೊಡನೆ ಹಸಿರು ಮುಖ ಕಂಡರೆ ಧೀರೋದಾತ್ತ ನಾಯಕ ಬಂದ ಎಂದು ಎಲ್ಲರಿಗೂ ತಿಳಿಯುತ್ತದೆ. ಆ ಒಪ್ಪಂದ ದೊಡ್ಡ ಶಕ್ತಿ. ಪ್ಯಾರಿಸ್ಸಿನ ಆ ಕೋಣೆಯಲ್ಲಿ ಅಂಥ ಒಪ್ಪಂದ ಇರಲಿಲ್ಲ, ಜನ ನಕ್ಕದ್ದಕ್ಕೆ ಅದೂ ಒಂದು ಕಾರಣ. ಅಮೇಲಿಯ ಹಸಿರನ್ನು ಯಾವ ನಿಘಂಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮ್ಯಾಟಿಸನೇ 1908ರಲ್ಲಿ ‘ಚಿತ್ರಕಾರನ ಟಿಪ್ಪಣಿಗಳು’ ಎಂಬ ಲೇಖನದಲ್ಲಿ ಈ ವಿಷಯ ಬರೆದಿದ್ದಾನೆ. ಭಾವ ಎನ್ನುವುದು ಮುಖದಲ್ಲಿ ಉಕ್ಕುವ ಆವೇಗದಲ್ಲಾಗಲಿ ಮೈಯ ಬಿರುಸಾದ ಚಲನೆಯಲ್ಲಾಗಲಿ ಇಲ್ಲ. ಚಿತ್ರದ ಇಡೀ ಜೋಡಣೆಯಲ್ಲಿದೆ, ವಸ್ತುಗಳು ಕೂತ ಜಾಗ, ಅವುಗಳ ಸುತ್ತಲಿನ ಖಾಲಿ, ಅಳತೆ, ಎಲ್ಲಕ್ಕೂ ಅದರಲ್ಲಿ ಪಾಲಿದೆ ಎನ್ನುತ್ತಾನೆ. ಇದನ್ನು ಮನಸ್ಸಿನಲ್ಲಿಟ್ಟು ಮತ್ತೆ ಅಮೇಲಿಯನ್ನು ನೋಡಿ. ಆಕೆ ಅಳುತ್ತಿಲ್ಲ, ನಗುತ್ತಿಲ್ಲ. ತುಟಿ ಮುಚ್ಚಿದೆ, ಹುಬ್ಬು ಗಟ್ಟಿ, ನೋಟ ನೇರ. ಅತ್ತ ಇತ್ತ ನೇರಳೆ, ಕಿತ್ತಳೆ, ಹಸಿರು ಮೂರು ಕಡೆಯಿಂದ ಒತ್ತುತ್ತಿದ್ದರೂ ಮುಖ ಅಲುಗುತ್ತಿಲ್ಲ, ಏಕೆಂದರೆ ನಡುವೆ ಆ ಪಟ್ಟೆ ಮನೆಯ ನಡುಗಂಬದ ಹಾಗೆ ನಿಂತಿದೆ. ಟೋಪಿ ಅಂಗಡಿ ಇಟ್ಟು ಸಂಸಾರ ನಡೆಸಿದವಳು ಆಕೆ. ಅಪ್ಪ ಅಮ್ಮ ದುಡಿಯುತ್ತಿದ್ದ ದೊಡ್ಡ ಮನೆತನದ ವಂಚನೆ 1902ರಲ್ಲಿ ಬಯಲಾದಾಗ, ಏನೂ ತಪ್ಪು ಮಾಡದ ಹೆತ್ತವರ ಜೊತೆ ಊರ ಬಾಯಿಗೆ ಬಿದ್ದು ನೊಂದವಳು. ಚಿತ್ರ ಈ ಯಾವ ಕಥೆಯನ್ನೂ ಹೇಳುವುದಿಲ್ಲ. ಆದರೆ ಇಷ್ಟು ಗದ್ದಲದ ಬಣ್ಣಗಳ ನಡುವೆ ಹೀಗೆ ನೆಟ್ಟಗೆ ಕೂತ ಮುಖವೊಂದು ನನಗೆ ಗೌರವ ಹುಟ್ಟಿಸುತ್ತದೆ. ಆ ಗೌರವ ಹಸಿರಿನಿಂದ ಬಂತೇ, ಗುಲಾಬಿಯಿಂದ ಬಂತೇ ಎಂದರೆ ಬೇರೆ ಮಾಡಿ ಹೇಳಲಾರೆ. ಸಾರಿನ ರುಚಿ ಹುಣಸೆಯದೋ ಬೆಲ್ಲದ್ದೋ ಎಂದು ಕೇಳಿದ ಹಾಗೆ ಅದು.

ಎಲ್ಲರೂ ಹೀಗೆಯೇ ಮಾಡಿದರೆಂದು ತಿಳಿಯಬೇಡಿ. ಜರ್ಮನಿಯಲ್ಲಿ ಅದೇ 1905ರಲ್ಲಿ ಡ್ರೆಸ್ಡೆನ್ನಿನ ಕೆಲವು ಯುವಕರು ‘ಸೇತುವೆ’ ಎಂಬ ಗುಂಪು ಕಟ್ಟಿದರು. ಅವರ ಬಣ್ಣಕ್ಕೆ ನೋವಿನ ಅಂಚಿತ್ತು. ಅವರಲ್ಲೊಬ್ಬನಾದ ಕಿರ್ಶ್ನರ್ ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ಹೋಗಿ, ಮನಸ್ಸು ಕುಸಿದು ಹೊರಬಂದು, 1915ರಲ್ಲಿ ತನ್ನನ್ನೇ ಸೈನಿಕನಾಗಿ ಬರೆದುಕೊಂಡ. ಸಮವಸ್ತ್ರ, ರೋಗಿಯಂತೆ ಹಳದಿಗಟ್ಟಿದ ಮುಖ, ಮಣಿಕಟ್ಟಿನಲ್ಲಿ ಕತ್ತರಿಸಿದ ಬಲಗೈ. ನಿಜದಲ್ಲಿ ಅವನ ಕೈ ಹೋಗಿರಲಿಲ್ಲ. ಇನ್ನು ಬರೆಯಲಾರೆ ಎಂಬ ಭಯಕ್ಕೆ ಅವನು ಕೊಟ್ಟ ರೂಪ ಅದು. ಅಲ್ಲಿಯ ಹಳದಿಯನ್ನು ಕಾಯಿಲೆ ಎಂದು ಓದಿದರೆ ತಪ್ಪಿಲ್ಲ. ಅವನು ಹಾಗೆ ಓದಲೆಂದೇ ಬರೆದಿದ್ದಾನೆ. ಅಮೇಲಿಯ ಕೆನ್ನೆಯ ಹಳದಿಯನ್ನು ಹಾಗೆ ಓದಿದರೆ ದಾರಿ ತಪ್ಪುತ್ತೀರಿ. ಒಂದೇ ಹಳದಿ, ಹತ್ತು ವರ್ಷಗಳ ಅಂತರ, ಎರಡು ಬೇರೆ ಬದುಕು. ಹಾಗಾಗಿ ಬಣ್ಣಕ್ಕೊಂದು ಅರ್ಥವೆಂದು ಪಟ್ಟಿ ಮಾಡಿ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಪರೀಕ್ಷೆಯ ಗೈಡುಗಳಲ್ಲಿ ಇಂಥ ಪಟ್ಟಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದನ್ನು ಓದಿದ ಮಗು ಆಮೇಲೆ ಚಿತ್ರವನ್ನು ನೋಡುವುದನ್ನೇ ಬಿಟ್ಟು ಪಟ್ಟಿ ನೋಡುತ್ತದೆ.

ಈಗ ಅಂಕ. ಚಿತ್ರ ನೋಡದೆ ನಾಲ್ಕು ಸರಿಯೋ ತಪ್ಪೋ ನಾನು ಹೇಳಬಾರದು. ಆದರೆ “ಮನುಷ್ಯರ ಮುಖ ಹೀಗಿರುತ್ತದೇನಮ್ಮ?” ಎಂಬ ಪ್ರಶ್ನೆಯನ್ನು ಮಾತ್ರ ಇನ್ನು ಬಿಟ್ಟುಬಿಡಿ. ಮಕ್ಕಳ ಕ್ರೇಯಾನ್ ಡಬ್ಬಿಯಲ್ಲಿ ‘ಸ್ಕಿನ್ ಕಲರ್’ ಎಂಬ ಹೆಸರಿನ ಪೀಚ್ ಬಣ್ಣದ ಕಡ್ಡಿಯೊಂದು ಇರುತ್ತದೆ. ನಿಮ್ಮ ತರಗತಿಯ ಯಾವ ಮಗುವಿನ ಮುಖವೂ ಆ ಬಣ್ಣದ್ದಲ್ಲ, ಆದರೂ ಎಲ್ಲರೂ ಅದನ್ನೇ ಹಚ್ಚುತ್ತಾರೆ, ನಾವು ಪೂರ್ತಿ ಅಂಕ ಕೊಡುತ್ತೇವೆ. ಹಸಿರು ಹಣೆಗಿಂತ ಅದೇನು ಹೆಚ್ಚು ನಿಜ? ಬಿಸಿಲಿನಲ್ಲಿ ಬೇವಿನ ಮರದ ಕೆಳಗೆ ಕೂತ ಅಜ್ಜಿಯ ಹಣೆಯ ಮೇಲೆ ನಿಜಕ್ಕೂ ಹಸಿರು ಬೀಳುತ್ತದೆ. ಹುಡುಗಿ ಅದನ್ನೇ ಕಂಡಿರಲೂಬಹುದು.

ತೋಚಿದ್ದೆಲ್ಲ ಬಳಿದರೆ ಒಳ್ಳೆಯ ಚಿತ್ರವಾಗುತ್ತದೆ ಎಂದೂ ಅಲ್ಲ. ಪೋಸ್ಟರ್ ಕಲರಿನ ಎಲ್ಲ ಬಾಟಲಿಗಳನ್ನೂ ತೆರೆದು ಎಲ್ಲವನ್ನೂ ಅಷ್ಟೇ ಜೋರಾಗಿ ಹಚ್ಚಿದ ಚಿತ್ರಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತಿರುತ್ತವೆ, ಯಾವ ಮಾತೂ ಕೇಳಿಸುವುದಿಲ್ಲ. ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಅವಳ ಚಿತ್ರದ ಹಸಿರು ಹಣೆಯನ್ನು ಒಂದು ಕಾಗದದ ಚೂರಿನಿಂದ ಮುಚ್ಚಿ. ಉಳಿದ ಮುಖಕ್ಕೆ ಏನಾದರೂ ಆಯಿತೇ? ಕೆನ್ನೆ ಸಪ್ಪೆಯಾಯಿತೇ, ಕಣ್ಣು ಹಿಂದೆ ಸರಿಯಿತೇ? ಆಯಿತು ಎಂದಾದರೆ ಆ ಹಸಿರು ದುಡಿಯುತ್ತಿದೆ. ಏನೂ ಆಗಲಿಲ್ಲವೆಂದರೆ ಅದು ಸುಮ್ಮನೆ ಕೂತಿದೆ, ಆಗ ಅವಳ ಜೊತೆ ಕೂತು ಮಾತಾಡಬಹು­ದು. ಕೇಳುವಾಗಲೂ “ಯಾಕೆ ಹಸಿರು?” ಎಂದು ಕೇಳಿದರೆ ಮಗು ಹೆದರಿ ಏನಾದರೊಂದು ಅರ್ಥ ಹುಟ್ಟಿಸಿ ಹೇಳುತ್ತದೆ. “ಮೊದಲು ಯಾವ ಬಣ್ಣ ಹಚ್ಚಿದೆ? ಆಮೇಲೆ ಅದರ ಪಕ್ಕ ಯಾವುದು ಬೇಕೆನ್ನಿಸಿತು?” ಎಂದು ಕೇಳಿ ನೋಡಿ, ಉತ್ತರ ಬೇರೆ ಬರುತ್ತದೆ.

ಇಡೀ ತರಗತಿಗೆ ಒಂದು ಪಾಠ ಮಾಡಬೇಕೆಂದಿದ್ದರೆ ಬೂದು ಕಾಗದದಲ್ಲಿ ಒಂದೇ ಅಳತೆಯ ಎರಡು ಚೌಕ ಕತ್ತರಿಸಿ, ಒಂದನ್ನು ಕೆಂಪು ಗ್ಲೇಜ್ ಪೇಪರಿನ ಮೇಲೆ, ಇನ್ನೊಂದನ್ನು ಹಸಿರು ಗ್ಲೇಜ್ ಪೇಪರಿನ ಮೇಲೆ ಅಂಟಿಸಿ ಕಿಟಕಿಯ ಬೆಳಕಿನಲ್ಲಿ ಹಿಡಿಯಿರಿ. ಕೆಂಪಿನ ಮೇಲಿನ ಬೂದು ತುಸು ಹಸಿರಾಗಿಯೂ ಹಸಿರಿನ ಮೇಲಿನದು ತುಸು ಕೆಂಪಾಗಿಯೂ ಕಾಣತೊಡಗುತ್ತದೆ. ಎರಡೂ ಒಂದೇ ಕಾಗದದ್ದು ಎಂದರೆ ಮಕ್ಕಳು ನಂಬುವುದಿಲ್ಲ, ಕಿತ್ತು ಪಕ್ಕಪಕ್ಕ ಇಟ್ಟು ತೋರಿಸಬೇಕಾಗುತ್ತದೆ. ಆಮೇಲೆ ಒಂದೇ ಮುಖವನ್ನು ಎರಡು ಸಲ ಬರೆಯಲು ಹೇಳಿ. ಮುಖದ ಬಣ್ಣ ಎರಡರಲ್ಲೂ ಒಂದೇ ಇರಲಿ, ಹಿಂದಿನ ಗೋಡೆ ಮಾತ್ರ ಬದಲಾಗಲಿ.

ಕೊನೆಗೆ ಒಂದು ಕೋರಿಕೆ. ನಿಮ್ಮ ಪತ್ರದಲ್ಲಿ ಹಣೆ ಹಸಿರು, ಕೆನ್ನೆ ನೇರಳೆ, ಗದ್ದ ಕಿತ್ತಳೆ ಎಂದು ಬರೆದಿದ್ದೀರಿ. ಅಜ್ಜಿಯ ಹಿಂದೆ ಅವಳು ಯಾವ ಬಣ್ಣ ಹಚ್ಚಿದ್ದಾಳೆ ಎಂದು ಬರೆದಿಲ್ಲ. ಆ ಹಾಳೆಯನ್ನು ಮತ್ತೊಮ್ಮೆ ತೆಗೆದು ನೋಡಿ ನನಗೆ ತಿಳಿಸಿ.